ಕೃಷ್ಣದೇವರಾಯನ ಮುಖ ಕಂಪ್ಯೂಟರಲ್ಲಿ ಮಾಡೋದು ಹೇಗೆ, ಸಿನಿಮಾ ಹೀರೋ ಆಗದ ಹಾಗೆ

ಎಐಗೆ ಬರೀ "ಕೃಷ್ಣದೇವರಾಯ, ರಿಯಲಿಸ್ಟಿಕ್" ಅಂತ ಕೊಟ್ಟು ನೋಡಿ, ಜಿಮ್ ಬಾಡಿ, ಹುರಿ ಮೀಸೆ, ನಾಟಕ ಕಂಪನಿ ಕಿರೀಟ, ಇಷ್ಟೇ ಬರೋದು. ನಾನೂ ಹಂಗೇ ಮಾಡಿ ಸ್ಟೇಟಸ್ ಹಾಕಿದ್ದೆ, ಈಗ ನೆನೆಸ್ಕೊಂಡ್ರೆ ನಾಚಿಕೆ.

ಅದಕ್ಕೇ ಸಾಫ್ಟ್‌ವೇರ್ ಮುಟ್ಟೋಕೆ ಮುಂಚೆ ಒಂದು ಹಾಳೆ ತಗೊಂಡು, ಅವರನ್ನ ಕಣ್ಣಾರೆ ಕಂಡವರು ಏನ್ ಹೇಳಿದ್ದಾರೆ ಅಂತ ಬರ್ಕೊಳ್ಳಿ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ, ಅವನು ಬರೆದಿಟ್ಟಿದ್ದನ್ನ ಇತಿಹಾಸಕಾರ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಲ್ಲಿ ಅಚ್ಚು ಹಾಕಿಸಿದ್ರು, ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ರಾಜ ಮಧ್ಯಮ ಎತ್ತರ, ಬಿಳಿ ಮೈಬಣ್ಣ, ಸಣ್ಣಗಿಲ್ಲ, ಸ್ವಲ್ಪ ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆ ಅಂತಾನೆ ಪಾಯೆಸ್. ಈ ಸಿಡುಬಿನ ಕಲೇನ ಯಾವ ಕ್ಯಾಲೆಂಡರಲ್ಲಾದ್ರೂ ನೋಡಿದ್ದೀರಾ?

ಎರಡನೇ ಆಧಾರ ತಿರುಮಲ ದೇವಸ್ಥಾನದೊಳಗೆ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತಿರೋ ಲೋಹದ ಪ್ರತಿಮೆ. ಒಳಗೆ ಮೊಬೈಲ್ ಬಿಡಲ್ಲ, ಹಾಗಾಗಿ ಅಚ್ಚಾಗಿರೋ ಫೋಟೋಗಳನ್ನೇ ಜೋಡಿಸ್ಕೊಳ್ಳಿ. ಉದ್ದ ಟೋಪಿ, ನಿಲುವು ಇವೆಲ್ಲ ಅಲ್ಲಿಂದ ತಗೋಬಹುದು, ಆದ್ರೆ ಮೂಗು ಕಣ್ಣು ಶಿಲ್ಪಿಗಳ ರೂಢಿಯವು ಅನ್ನೋದು ನೆನಪಿರ್ಲಿ, ಅಳತೆ ಹಿಡಿದು ಕಾಪಿ ಹೊಡೀಬೇಡಿ.

ಈಗ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ತೆಗೀರಿ, ಫ್ರೀ. ಮೈಕಟ್ಟಿಗೆ ಗರಡಿ ಮನೆ ಹಳೇ ಪೈಲ್ವಾನರನ್ನ ನೋಡಿ, ಯಾಕಂದ್ರೆ ಪಾಯೆಸ್ ಹೇಳೋ ಪ್ರಕಾರ ರಾಜ ಬೆಳಕು ಹರಿಯೋಕೆ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ಝಳಪಿಸಿ, ಕುಸ್ತಿ ಆಡಿ, ಆಮೇಲೆ ಕುದುರೆ ಹತ್ತೋರು. ಅಂದ್ರೆ ಭುಜ ತೋಳು ಗಟ್ಟಿ, ಕುತ್ತಿಗೆ ದಪ್ಪ, ಹೊಟ್ಟೆ ಸ್ವಲ್ಪ ಮುಂದೆ. ಸಿಕ್ಸ್ ಪ್ಯಾಕ್ ಬೇಡ ಪ್ಲೀಸ್.

ಚರ್ಮಾನೇ ಕಷ್ಟದ ಕೆಲಸ. ಸಿಡುಬಿನ ಕಲೆ ಅಂತ ಕಪ್ಪು ಚುಕ್ಕೆ ಪೇಂಟ್ ಮಾಡಿದ್ರೆ ಮೊಡವೆ ಥರ ಕಾಣುತ್ತೆ, ಅವು ಸಣ್ಣ ಸಣ್ಣ ಗುಳಿ, ಬ್ಲೆಂಡರಿನ ಸ್ಕಲ್ಪ್ಟ್ ಮೋಡಲ್ಲಿ, ಅಂದ್ರೆ ಮಣ್ಣಿನ ಮೂರ್ತಿ ತಿದ್ದೋ ಥರ, ಒಂದೊಂದೇ ಒತ್ತಬೇಕು, ಸೈಜು ಬೇರೆ ಬೇರೆ ಇರ್ಲಿ, ಆಮೇಲೆ ಪಕ್ಕದಿಂದ ಲೈಟ್ ಬಿಡಿ, ಆಗ ತಾನೇ ಜೀವ ಬರುತ್ತೆ. ಬಣ್ಣಕ್ಕೆ ನಾನು ಗೋಧಿ ಬಣ್ಣ ಹಾಕಿದೆ, ಪಾಯೆಸ್ ಬಿಳಿ ಅಂದಿದ್ದು ಸುತ್ತ ಇದ್ದೋರಿಗೆ ಹೋಲಿಸಿ ಇರ್ಬೇಕು ಅಂತ ನನ್ನ ಅಂದಾಜು. ಮೀಸೆ ಬಗ್ಗೆ ಜಗಳ ಬೇಡ ಅಂದ್ರೆ ಮೀಸೆ ಇರೋದು, ಇಲ್ಲದ್ದು ಅಂತ ಎರಡು ವರ್ಶನ್ ಮಾಡಿಡಿ.

ಬಟ್ಟೆ ಸುಲಭ, ಪಾಯೆಸ್ಸೇ ಹೇಳಿದ್ದಾನೆ: ಚಿನ್ನದ ಗುಲಾಬಿ ಕಸೂತಿಯ ಬಿಳಿ ವಸ್ತ್ರ, ಕುತ್ತಿಗೇಲಿ ವಜ್ರದ ಹಾರ, ತಲೆ ಮೇಲೆ ಜರಿ ಟೋಪಿ, ಬರಿಗಾಲು.

ಎಐನ ಕೊನೇಲಿ ಬಳಸಿ, ರೆಂಡರ್ ಆದ, ಅಂದ್ರೆ ಬ್ಲೆಂಡರಿಂದ ಹೊರಬಂದ ಚಿತ್ರಕ್ಕೆ ರೋಮ, ಬೆವರು ಸೇರ್ಸೋಕೆ ಮಾತ್ರ, ಸ್ಟ್ರೆಂತ್ (ಎಐ ಚಿತ್ರಾನ ಎಷ್ಟು ಬದಲಾಯಿಸ್ಬಹುದು ಅನ್ನೋ ಸೆಟ್ಟಿಂಗ್) ಕಮ್ಮಿ ಇಟ್ಟು. ಜಾಸ್ತಿ ಮಾಡಿದ್ರೆ ಗುಳಿಗಳನ್ನೆಲ್ಲ ಅಳಿಸಿ ಮುಖಾನ ಫೇರ್‌ನೆಸ್ ಕ್ರೀಮ್ ಜಾಹೀರಾತು ಮಾಡಿಬಿಡುತ್ತೆ.

ಪೋಸ್ಟ್ ಮಾಡುವಾಗ ಚಿತ್ರದ ಮೇಲೇ ಯಾವುದು ದಾಖಲೆ, ಯಾವುದು ಊಹೆ ಅಂತ ಬರೀರಿ, ಕ್ಯಾಪ್ಶನ್ನಲ್ಲಿ ಹಾಕಿದ್ರೆ ಫಾರ್ವರ್ಡ್ ಆಗೋವಾಗ ಉದುರಿಹೋಗುತ್ತೆ. ಇನ್ನು ವಿಡಿಯೋ ಮಾಡೋದಾದ್ರೆ ರಾಜನ ಬಾಯಲ್ಲಿ ಮಾತಾಡ್ಸೋಕೆ ಹೋಗ್ಬೇಡಿ, ಕನ್ನಡ ಹಾಕಿದ್ರೂ ತೆಲುಗು ಹಾಕಿದ್ರೂ ಕಮೆಂಟಲ್ಲಿ ಯುದ್ಧ ಗ್ಯಾರಂಟಿ. ಕಣ್ಣು ಮಿಟುಕಿಸಿ ಉಸಿರಾಡಿದ್ರೆ ಸಾಕು.