ಅಮೆರಿಕದ ಸಣ್ಣ ವೈದ್ಯಕೀಯ ಉಪಕರಣ ಕಂಪನಿಯ ಷೇರು ಯಾರ ಕೈಯಲ್ಲಿದೆ?

ಭಾರತದ ಷೇರುಪೇಟೆಯಲ್ಲಿ ಹಣ ತೊಡಗಿಸಿ ರೂಢಿಯಿರುವವರು ಯಾವುದೇ ಕಂಪನಿಯನ್ನು ಪರಿಶೀಲಿಸುವಾಗ ಮೊದಲು ನೋಡುವುದು ಪ್ರವರ್ತಕರ ಪಾಲು ಎಷ್ಟು ಎಂಬುದನ್ನು. ಸೆಬಿಯ ನಿಯಮದಂತೆ ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿಯೇ ಷೇರುದಾರರ ಪಟ್ಟಿಯನ್ನು ಸಲ್ಲಿಸುತ್ತದೆ. ಪ್ರವರ್ತಕರು, ವಿದೇಶಿ ಸಂಸ್ಥೆಗಳು, ಮ್ಯೂಚುವಲ್ ಫಂಡ್‌ಗಳು, ಸಾರ್ವಜನಿಕರು ಎಲ್ಲರ ಪಾಲೂ ಒಂದೇ ದಿನಾಂಕಕ್ಕೆ ಲೆಕ್ಕವಾಗಿ, ಕೂಡಿದರೆ ನೂರಾಗುತ್ತದೆ. ಅಮೆರಿಕದಲ್ಲಿ ಬ್ರೋಕರೇಜ್ ಖಾತೆ ತೆರೆದವರು ಇಂಥ ಪಟ್ಟಿಯನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಇಲ್ಲಿ ಪ್ರವರ್ತಕರೆಂಬ ವರ್ಗವೇ ಇಲ್ಲ. ಆ್ಯಪ್‌ಗಳು ತೋರಿಸುವ ‘ಇನ್‌ಸ್ಟಿಟ್ಯೂಷನಲ್’ (ಸಂಸ್ಥೆಗಳ) ಮತ್ತು ‘ಇನ್‌ಸೈಡರ್’ (ಕಂಪನಿಯ ಒಳಗಿನವರ) ಶೇಕಡಾವಾರುಗಳು, ಬೇರೆ ಬೇರೆ ಜನರು ಬೇರೆ ಬೇರೆ ಗಡುವಿನಲ್ಲಿ ಸಲ್ಲಿಸಿದ ಕಡತಗಳನ್ನು ಮಾಹಿತಿ ಮಾರುವ ಸಂಸ್ಥೆಗಳು ಕೂಡಿ ಕಳೆದು ತೆಗೆದ ಅಂದಾಜು ಮಾತ್ರ. ಮೆಡ್‌ಟ್ರಾನಿಕ್‌ನಂಥ ದೈತ್ಯ ಕಂಪನಿಯ ವಿಷಯದಲ್ಲಿ ಆ ಅಂದಾಜು ಸ್ವಲ್ಪ ತಪ್ಪಿದರೂ ಹೆಚ್ಚಿನ ನಷ್ಟವಿಲ್ಲ. ಒಂದೇ ಉಪಕರಣವನ್ನು ನಂಬಿ ನಿಂತಿರುವ ಸಣ್ಣ ಕಂಪನಿಯ ವಿಷಯದಲ್ಲಿ ಮಾತ್ರ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಮೂಲ ಕಡತಗಳೆಲ್ಲ, ಅಮೆರಿಕದ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಕ್ಯುರಿಟೀಸ್ ಅಂಡ್ ಎಕ್ಸ್‌ಚೇಂಜ್ ಕಮಿಷನ್ (ಎಸ್‌ಇಸಿ) ನಡೆಸುವ ಎಡ್ಗರ್ ಭಂಡಾರದಲ್ಲಿ, ಖಾತೆಯಾಗಲಿ ಶುಲ್ಕವಾಗಲಿ ಇಲ್ಲದೆ, ಎಲ್ಲರಿಗೂ ತೆರೆದಿವೆ.

ಮೊದಲು ತೆರೆಯಬೇಕಾದದ್ದು ವಾರ್ಷಿಕ ಸಭೆಗೆ ಮುನ್ನ ಬರುವ ‘ಡೆಫ್ 14ಎ’ ಎಂಬ, ಷೇರುದಾರರ ಮತ ಕೋರುವ ಪ್ರಾಕ್ಸಿ ಪತ್ರ. ನಿರ್ದೇಶಕರು, ಉನ್ನತ ಅಧಿಕಾರಿಗಳು ಮತ್ತು ಶೇ. 5ಕ್ಕಿಂತ ಹೆಚ್ಚು ಪಾಲುಳ್ಳವರ ಹೆಸರುಗಳಿರುವ ಕೋಷ್ಟಕ ಅದರಲ್ಲಿರುತ್ತದೆ. ಷೇರು ಯಾರ ಹೆಸರಿನಲ್ಲಿದೆ ಎಂಬುದಕ್ಕಿಂತ, ಅದರ ಮತ ಚಲಾಯಿಸುವ ಅಥವಾ ಅದನ್ನು ಮಾರುವ ಅಧಿಕಾರ ಯಾರದು ಎಂಬುದೇ ಈ ಕೋಷ್ಟಕದ ಆಧಾರ. ಮುಂದಿನ 60 ದಿನಗಳೊಳಗೆ ಪಡೆಯಬಹುದಾದ, ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕುಗಳಾದ ಸ್ಟಾಕ್ ಆಪ್ಷನ್‌ಗಳೂ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಒಬ್ಬ ಮುಖ್ಯಾಧಿಕಾರಿಯ ಪಾಲು ಶೇ. 4 ಎಂದಿದ್ದರೆ, ಅದರಲ್ಲಿ ಅವರು ದುಡ್ಡು ಕೊಟ್ಟು ಕೊಂಡದ್ದೆಷ್ಟು, ಇನ್ನೂ ಕೈಗೆ ಬಾರದ ಆಪ್ಷನ್ ಎಷ್ಟು ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹುಡುಕಬೇಕಾಗುತ್ತದೆ. ನನ್ನ ಮಟ್ಟಿಗೆ ಆ ಕೋಷ್ಟಕದಲ್ಲಿ ಓದಬೇಕಾದ ಭಾಗವೇ ಆ ಸಣ್ಣಕ್ಷರದ ಅಡಿಟಿಪ್ಪಣಿಗಳು.

ಫ್ಲಾರಿಡಾದ ಐರ್ಯಾಡಿಮೆಡ್ ಇದಕ್ಕೆ ಒಳ್ಳೆಯ ನಿದರ್ಶನ. ಎಂಆರ್‌ಐ ಯಂತ್ರದ ಪಕ್ಕದಲ್ಲೇ ಇಟ್ಟು ರೋಗಿಗೆ ಔಷಧ ಹರಿಸಬಹುದಾದ, ಅಯಸ್ಕಾಂತಕ್ಕೆ ಸಿಲುಕದ ಇನ್‌ಫ್ಯೂಷನ್ ಪಂಪ್ ತಯಾರಿಸುವ ಈ ಕಂಪನಿಯನ್ನು ರೋಜರ್ ಸೂಸಿ 1992ರಲ್ಲಿ ಸ್ಥಾಪಿಸಿದರು. 2014ರ ಜುಲೈನಲ್ಲಿ ಅದು ನಾಸ್ಡಾಕ್‌ಗೆ ಬಂತು. ಬಂದ ಮೇಲೂ ಹಲವು ವರ್ಷ ಷೇರುಗಳ ದೊಡ್ಡ ಪಾಲು ಸಂಸ್ಥಾಪಕರ ಹಿಡಿತದಲ್ಲೇ ಇತ್ತು. ಭಾರತದ ಕಣ್ಣಿಗೆ ಇದು ಪ್ರವರ್ತಕರ ಪಾಲಿನಂತೆಯೇ ಕಾಣುತ್ತದೆ, ಆದರೆ ಇಲ್ಲಿ ಅದಕ್ಕೆ ಪ್ರತ್ಯೇಕ ಹೆಸರಾಗಲಿ, ತ್ರೈಮಾಸಿಕ ಪ್ರಕಟಣೆಯಾಗಲಿ ಇಲ್ಲ. ನಿರ್ದೇಶಕ, ಅಧಿಕಾರಿ, ಶೇ. 10 ಮೀರಿದ ಷೇರುದಾರ ಎಂಬ ಮೂರು ನೆಲೆಗಳಿಂದ ಅದು ‘ಇನ್‌ಸೈಡರ್’ ಲೆಕ್ಕಕ್ಕೆ ಬರುತ್ತದೆ. ಪೇಟೆಗೆ ಬಂದ ವರ್ಷವೇ ಕಂಪನಿಗೆ, ಔಷಧ ಮತ್ತು ವೈದ್ಯಕೀಯ ಉಪಕರಣಗಳ ಮೇಲ್ವಿಚಾರಣೆ ನಡೆಸುವ ಸರ್ಕಾರಿ ಸಂಸ್ಥೆಯಾದ ಎಫ್‌ಡಿಎಯ ಎಚ್ಚರಿಕೆ ಪತ್ರವೂ ಬಂತು. ಒಂದು ಸರ್ಕಾರಿ ಪತ್ರದಿಂದ ಮಾರಾಟವೇ ನಿಲ್ಲಬಹುದಾದ ಇಂಥ ಉದ್ಯಮದಲ್ಲಿ ಒಳಗಿನವರು ಯಾವಾಗ ಕೊಂಡರು, ಯಾವಾಗ ಮಾರಿದರು ಎಂಬುದಕ್ಕೆ ಸಹಜವಾಗಿಯೇ ತೂಕ ಹೆಚ್ಚು.

ಆ ವಹಿವಾಟು ತಿಳಿಯುವುದು ‘ಫಾರ್ಮ್ 4’ರಿಂದ. 2002ರ ಸಾರ್ಬೇನ್ಸ್–ಆಕ್ಸ್ಲೆ ಕಾಯಿದೆ ಬಂದಂದಿನಿಂದ ಇದನ್ನು ವಹಿವಾಟು ನಡೆದ ಎರಡು ಕೆಲಸದ ದಿನಗಳೊಳಗೆ ಸಲ್ಲಿಸಬೇಕು. ಪ್ರತಿ ಸಾಲಿಗೂ ಒಂದು ಅಕ್ಷರದ ಸಂಕೇತವಿರುತ್ತದೆ, ಮತ್ತು ಸುದ್ದಿಯ ಶೀರ್ಷಿಕೆಗಳು ಓದುಗರನ್ನು ದಾರಿ ತಪ್ಪಿಸುವುದು ಹೆಚ್ಚಾಗಿ ಈ ಅಕ್ಷರವನ್ನು ನೋಡದೆ ಬರೆಯುವುದರಿಂದ. ‘ಎ’ ಎಂದರೆ ಕಂಪನಿ ಕೊಟ್ಟ ಷೇರು, ‘ಎಂ’ ಎಂದರೆ ಆಪ್ಷನ್ ಚಲಾವಣೆ, ‘ಎಫ್’ ಎಂದರೆ ತೆರಿಗೆಗಾಗಿ ತಡೆಹಿಡಿದದ್ದು, ‘ಜಿ’ ಎಂದರೆ ದಾನ. ಆರ್‌ಎಸ್‌ಯು (ಸಂಬಳದ ಭಾಗವಾಗಿ ಕಂಪನಿ ಕೊಡುವ ಷೇರು) ಪಡೆಯುವ ನಮ್ಮವರಿಗೆ ‘ಎಫ್’ ಎಂಬುದು ಪರಿಚಿತವೇ: ವೆಸ್ಟ್ ಆದ, ಅಂದರೆ ಷೇರು ಕೈಗೆ ಬಂದ ದಿನ ನಿಮ್ಮ ಷೇರುಗಳಲ್ಲಿ ಒಂದಿಷ್ಟು ತೆರಿಗೆಗೆಂದು ಮುರಿದುಕೊಳ್ಳುವಂತೆ ಮುಖ್ಯಾಧಿಕಾರಿಗೂ ಆಗುತ್ತದೆ, ಅದರಿಂದ ಅವರ ನಂಬಿಕೆ ಕುಂದಿದೆ ಎಂದು ತಿಳಿಯಬೇಕಾಗಿಲ್ಲ. ಪೇಟೆಯಲ್ಲಿ ಸ್ವಂತ ಹಣದಿಂದ ಕೊಂಡದ್ದನ್ನು ಸೂಚಿಸುವುದು ‘ಪಿ’, ಮಾರಿದ್ದನ್ನು ಸೂಚಿಸುವುದು ‘ಎಸ್’.

ಈ ‘ಪಿ’ಗೆ ಬೆಲೆ ಬರುವುದು 1934ರ ಷೇರುಪೇಟೆ ಕಾಯಿದೆಯ 16(ಬಿ) ವಿಧಿಯಿಂದ. ಒಳಗಿನವರು ಆರು ತಿಂಗಳ ಅಂತರದೊಳಗೆ ಕೊಂಡು ಮಾರಿ ಲಾಭ ಮಾಡಿದರೆ, ದುರುದ್ದೇಶವಿರಲಿ ಇಲ್ಲದಿರಲಿ, ಆ ಲಾಭವನ್ನು ಕಂಪನಿಗೆ ಒಪ್ಪಿಸಬೇಕು. ಅಂದರೆ ಕೊಂಡವರು ಆರು ತಿಂಗಳಾದರೂ ಕಾಯಲು ಸಿದ್ಧರಾಗಿಯೇ ಕೊಂಡಿರುತ್ತಾರೆ. ಮಾರಾಟದ ಅರ್ಥ ಇಷ್ಟು ಸ್ಪಷ್ಟವಲ್ಲ, ಏಕೆಂದರೆ ಬಹಳಷ್ಟು ಮಾರಾಟಗಳು ‘10ಬಿ5–1’ ಎಂಬ ಪೂರ್ವಯೋಜನೆಯಂತೆ ನಡೆಯುತ್ತವೆ. 2023ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ, ನಿರ್ದೇಶಕರು ಮತ್ತು ಅಧಿಕಾರಿಗಳು ಯೋಜನೆ ರೂಪಿಸಿದ ಮೇಲೆ ಕನಿಷ್ಠ 90 ದಿನ ಕಾದು ಆಮೇಲಷ್ಟೇ ಮಾರಬಹುದು. ಫಾರ್ಮ್ 4ರಲ್ಲಿ ಅದಕ್ಕೊಂದು ಗುರುತು ಹಾಕುವ ಚೌಕವೂ ಇದೆ. ಯೋಜನೆಯನ್ನು ಯಾರು ಆರಂಭಿಸಿದರು, ಯಾರು ನಡುವೆಯೇ ಕೈಬಿಟ್ಟರು ಎಂಬುದನ್ನು ಕಂಪನಿ ತನ್ನ ತ್ರೈಮಾಸಿಕ ವರದಿಯಲ್ಲಿ ಹೇಳಬೇಕು.

ಸಂಸ್ಥೆಗಳ ವಿಷಯಕ್ಕೆ ಬಂದರೆ, ಕನಿಷ್ಠ 10 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ನಿರ್ವಹಿಸುವ ಸಂಸ್ಥೆ ‘13ಎಫ್’ ಎಂಬ ಪಟ್ಟಿಯನ್ನು ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಸಲ್ಲಿಸಬೇಕು. ಡಿಸೆಂಬರ್ 31ರ ಚಿತ್ರ ಫೆಬ್ರುವರಿ ನಡುವಿನ ಹೊತ್ತಿಗೆ ಹೊರಬಿದ್ದು, ಮೇ ನಡುವಿನವರೆಗೂ ಆ್ಯಪ್‌ನಲ್ಲಿ ಹಾಗೆಯೇ ನಿಂತಿರುತ್ತದೆ. ಅಷ್ಟರಲ್ಲಿ ಆ ಫಂಡ್ ಎಲ್ಲವನ್ನೂ ಮಾರಿ ಹೋಗಿರಬಹುದು. 10,000ಕ್ಕಿಂತ ಕಡಿಮೆ ಷೇರು, ಜೊತೆಗೆ 2 ಲಕ್ಷ ಡಾಲರ್‌ಗಿಂತ ಕಡಿಮೆ ಮೌಲ್ಯ ಎಂದಾದರೆ ಆ ಹಿಡುವಳಿಯನ್ನು ಬಿಟ್ಟುಬಿಡಲು ಅವಕಾಶವಿದೆ. ಷಾರ್ಟ್ ಮಾಡಿದ, ಅಂದರೆ ಕಡ ಪಡೆದು ಮಾರಿದ ಷೇರು ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಕೆಲವೊಮ್ಮೆ ಸಂಸ್ಥೆಗಳ ಒಟ್ಟು ಪಾಲು ಶೇ. 100ನ್ನು ಮೀರಿ ಕಾಣುವುದಕ್ಕೂ ಅದೇ ಕಾರಣ: ಒಂದು ಫಂಡ್ ತನ್ನ ಷೇರನ್ನು ಕಡ ಕೊಟ್ಟು, ಕಡ ಪಡೆದವರು ಅದನ್ನು ಇನ್ನೊಂದು ಫಂಡ್‌ಗೆ ಮಾರಿದಾಗ, ಒಂದೇ ಷೇರನ್ನು ಇಬ್ಬರೂ ತಮ್ಮದೆಂದು ಬರೆದುಕೊಳ್ಳುತ್ತಾರೆ. ವ್ಯಾನ್‌ಗಾರ್ಡ್, ಬ್ಲ್ಯಾಕ್‌ರಾಕ್ ಹೆಸರು ಕಂಡೊಡನೆ ಹಿಗ್ಗುವುದೂ ಬೇಡ. ಕಂಪನಿ ಸಣ್ಣ ಕಂಪನಿಗಳ ರಸೆಲ್ 2000 ಸೂಚ್ಯಂಕಕ್ಕೆ ಸೇರಿದರೆ ಅವರ ಇಂಡೆಕ್ಸ್ ಫಂಡ್‌ಗಳು ಅದನ್ನು ಕೊಳ್ಳಲೇಬೇಕು.

ಶೇ. 5 ದಾಟಿದವರು ಸಲ್ಲಿಸುವ ‘13ಡಿ’ ಮತ್ತು ‘13ಜಿ’ ಹೆಚ್ಚು ಹೇಳುತ್ತವೆ. ಆಡಳಿತದಲ್ಲಿ ಕೈಯಾಡಿಸುವ ಉದ್ದೇಶವಿದ್ದರೆ 13ಡಿ, ಸುಮ್ಮನೆ ಹೂಡಿದ್ದರೆ ಚುಟುಕಾದ 13ಜಿ. 13ಡಿಗೆ ಹಿಂದೆ ಇದ್ದ 10 ದಿನಗಳ ಗಡುವನ್ನು 2024ರ ಫೆಬ್ರುವರಿಯಿಂದ ಐದು ಕೆಲಸದ ದಿನಗಳಿಗೆ ಇಳಿಸಲಾಗಿದೆ. ಮೊದಲು 13ಜಿ ಸಲ್ಲಿಸಿದ್ದವರು ಒಂದು ದಿನ 13ಡಿಗೆ ಬದಲಾದರೆ, ಕಂಪನಿಯ ಮಾರಾಟಕ್ಕೋ ನಿರ್ದೇಶಕರ ಬದಲಾವಣೆಗೋ ಒತ್ತಡ ಶುರುವಾಗಿದೆ ಎಂದು ಭಾವಿಸಬಹುದು.

ಇಷ್ಟನ್ನೂ ಓದಿದವರು ಎಡವುವುದು, ಮುಂದೆ ಹೊಸ ಷೇರು ಪಡೆಯುವ ಹಕ್ಕುಪತ್ರಗಳಾದ ವಾರಂಟ್‌ಗಳ ಬಳಿ. ಆದಾಯಕ್ಕೆ ಮೊದಲೇ ಪ್ರಯೋಗಗಳಿಗೂ ಎಫ್‌ಡಿಎ ಅನುಮತಿಗೂ ಹಣ ಸುರಿಯಬೇಕಾದ ಕಂಪನಿಗಳು ಮತ್ತೆ ಮತ್ತೆ ಹೊಸ ಷೇರು ಮಾರುತ್ತವೆ, ಮತ್ತು ದೊಡ್ಡ ಫಂಡ್‌ಗಳು ಷೇರಿನ ಬದಲು ‘ಪ್ರೀ-ಫಂಡೆಡ್ ವಾರಂಟ್’ ಕೇಳುತ್ತವೆ. ಬೆಲೆಯನ್ನು ಹೆಚ್ಚುಕಡಿಮೆ ಪೂರ್ತಿ ಮೊದಲೇ ಕೊಟ್ಟು, ಉಳಿದ ನಾಮಮಾತ್ರದ ಮೊತ್ತ ಕೊಟ್ಟಾಗ ಷೇರಾಗಿ ಬದಲಾಗುವ ಪತ್ರ ಇದು. ಹಿಡುವಳಿ ಶೇ. 4.99 ಅಥವಾ 9.99 ಮೀರುವಂತಿದ್ದರೆ ಬದಲಾಯಿಸಿಕೊಳ್ಳುವಂತಿಲ್ಲ ಎಂಬ ಷರತ್ತು ಅದರಲ್ಲಿರುತ್ತದೆ. 5 ಮತ್ತು 10ರ ಗಡಿಗಳು ತರುವ ಕಟ್ಟುಪಾಡುಗಳಿಂದ ಹೊರಗುಳಿಯಲು ಇದು ದಾರಿ. ಒಂದು ಕಂಪನಿಯಲ್ಲಿ 1 ಕೋಟಿ ಷೇರುಗಳಿವೆ, ಒಂದು ಫಂಡ್‌ನ ಬಳಿ 9.9 ಲಕ್ಷ ಷೇರು ಮತ್ತು ಇಂಥ 30 ಲಕ್ಷ ವಾರಂಟ್‌ಗಳಿವೆ ಎಂದುಕೊಳ್ಳಿ. ಕೋಷ್ಟಕ ತೋರಿಸುವುದು ಶೇ. 10ರ ಒಳಗಿನ ಪಾಲನ್ನು. ಎಲ್ಲವೂ ಷೇರಾದ ದಿನ ಅದು ಶೇ. 30ನ್ನು ದಾಟುತ್ತದೆ, ನಿಮ್ಮ ಪಾಲು ಅದೇ ಪ್ರಮಾಣದಲ್ಲಿ ತೆಳುವಾಗುತ್ತದೆ. ಆದ್ದರಿಂದ ವಾರ್ಷಿಕ ವರದಿಯ ಮೊದಲ ಪುಟದ ಷೇರು ಸಂಖ್ಯೆಗೆ, ಒಳಗಿನ ಟಿಪ್ಪಣಿಗಳಲ್ಲಿರುವ ವಾರಂಟ್ ಮತ್ತು ಆಪ್ಷನ್‌ಗಳನ್ನು ನಾವೇ ಕೂಡಿಸಿಕೊಳ್ಳಬೇಕು.

ಇಂಥ ಕಂಪನಿಗಳಲ್ಲಿ ಕೆಲಸದಲ್ಲಿರುವವರ ಮನೆಯವರಿಗೂ ಒಂದು ಮಾತು ಹೇಳಬೇಕು, ಏಕೆಂದರೆ ಫಾರ್ಮ್ 4 ಸಲ್ಲಿಸುವ ಬಾಧ್ಯತೆ ಕೆಲವರಿಗಷ್ಟೇ ಇದ್ದರೂ ಒಳಸುದ್ದಿಯ ಕಾನೂನು ಎಲ್ಲರಿಗೂ ಅನ್ವಯಿಸುತ್ತದೆ. ತೈಲ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿ ಮನೆಯಿಂದಲೇ ಆಡಿದ ಕಚೇರಿಯ ಮಾತುಗಳನ್ನು ಕೇಳಿಸಿಕೊಂಡು, ಆಕೆಗೆ ತಿಳಿಸದೆ ಷೇರು ಕೊಂಡು 17 ಲಕ್ಷ ಡಾಲರ್‌ಗೂ ಹೆಚ್ಚು ಲಾಭ ಮಾಡಿದ ಗಂಡನ ಮೇಲೆ ಎಸ್‌ಇಸಿ 2024ರಲ್ಲಿ ಮೊಕದ್ದಮೆ ಹೂಡಿತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಜ್ಯೂರಿಯೊಂದು, ತನ್ನ ಔಷಧ ಕಂಪನಿ ಮಾರಾಟವಾಗುವುದನ್ನು ತಿಳಿದು ಅದೇ ಕ್ಷೇತ್ರದ ಬೇರೊಂದು ಕಂಪನಿಯ ಆಪ್ಷನ್ ಕೊಂಡ ಅಧಿಕಾರಿಯನ್ನೂ ಹೊಣೆಗಾರನೆಂದು ತೀರ್ಮಾನಿಸಿತು. ಹಾಗಾಗಿ ಎಫ್‌ಡಿಎಯ ಪತ್ರವ್ಯವಹಾರ ಅಥವಾ ಪ್ರಯೋಗದ ಫಲಿತಾಂಶ ಕೈಗೆ ಸಿಗುವ ಹುದ್ದೆಯಲ್ಲಿರುವವರು ತಮ್ಮ ಕಂಪನಿಯ ಷೇರನ್ನಷ್ಟೇ ಅಲ್ಲ, ಪ್ರತಿಸ್ಪರ್ಧಿಯ ಷೇರನ್ನು ಕೊಳ್ಳುವ ಮೊದಲೂ ಕಂಪನಿಯ ಕಾನೂನು ವಿಭಾಗವನ್ನು ಲಿಖಿತವಾಗಿ ಕೇಳಿ, ಉತ್ತರವನ್ನು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.