ಹಳೆಯ ಮಾರುತಿ 800ರ ಕ್ಲಚ್ ಬಿಚ್ಚಿದಾಗ ಹುಡುಕಬೇಕಾದ ಮರೆಯ ಸವೆತಗಳು

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಇಂದು ಓಡುತ್ತಿರುವ ಇಂಥ ಪ್ರತಿಯೊಂದು ಕಾರೂ ಹಳೆಯದೇ. ಇದರ ಕ್ಲಚ್ ಪ್ಲೇಟ್ ಬದಲಿಸುವಾಗ ಹೆಚ್ಚಿನ ಶ್ರಮವೂ ಕೂಲಿಯೂ ಗೇರ್‌ಬಾಕ್ಸ್ ಇಳಿಸಿ ಮತ್ತೆ ಕೂರಿಸುವುದಕ್ಕೇ ಹೋಗುತ್ತವೆ. ಪ್ಲೇಟನ್ನಷ್ಟೇ ಬದಲಿಸಿ ಮುಚ್ಚಿದರೆ, ಎಣ್ಣೆ ಸೋರದಂತೆ ತಡೆಯುವ ಅಗ್ಗದ ಒಂದು ಆಯಿಲ್ ಸೀಲ್‌ಗಾಗಿ ಅಷ್ಟೂ ಕೆಲಸವನ್ನು ಮತ್ತೆ ಮಾಡಬೇಕಾದೀತು.

ಪರೀಕ್ಷೆ ಬಿಚ್ಚುವ ಮೊದಲೇ ಆರಂಭವಾಗಬೇಕು. ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲ್‌ನಲ್ಲಿ ಕ್ಲಚ್ ಪೆಡಲ್ ಒತ್ತಿ ಕೇಳಿ: ಒತ್ತಿದಾಗ ಶಬ್ದ ಹುಟ್ಟಿದರೆ ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗನ್ನೂ, ಇದ್ದ ಶಬ್ದ ಅಡಗಿದರೆ ಎಂಜಿನ್ನಿನ ತಿರುಗುವಿಕೆಯನ್ನು ಒಳಗೊಯ್ಯುವ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗನ್ನೂ ಅನುಮಾನಿಸಬೇಕು. ಬಳಿಕ ಎಂಜಿನ್ ನಿಲ್ಲಿಸಿ, ಇನ್ನೊಬ್ಬರು ಪೆಡಲ್ ಒತ್ತಿ ಬಿಡುತ್ತಿರುವಾಗ ಎಂಜಿನ್ನಿನ ಮುಖ್ಯ ಶಾಫ್ಟಿನ (ಕ್ರ್ಯಾಂಕ್‌ಶಾಫ್ಟ್) ತುದಿಯಲ್ಲಿರುವ ಕ್ರ್ಯಾಂಕ್ ಪುಲಿಯನ್ನು ಗಮನಿಸಿ. ಅದು ಕಣ್ಣಿಗೆ ಕಾಣುವಷ್ಟು ಒಳಹೊರಗೆ ಸರಿದರೆ ಕ್ರ್ಯಾಂಕ್‌ಶಾಫ್ಟಿನ ಒಳಹೊರಗಿನ ಸರಿತವನ್ನು ತಡೆಯುವ ಥ್ರಸ್ಟ್ ಬೇರಿಂಗ್ ಸವೆದಿರುತ್ತದೆ; ಅದಕ್ಕೆ ಹೊಸ ಕ್ಲಚ್ ಪರಿಹಾರವಲ್ಲ. ಪೆಡಲ್ ಬಿಗಿಯಾಗಿದ್ದರೆ ಕ್ಲಚ್ ಕೇಬಲ್ಲನ್ನು ಕಳಚಿ, ಅದೇ ಬಿಗಿಯಾಗಿದೆಯೇ ಎಂದು ಎಳೆದು ನೋಡಿ.

ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ, ಕಾರನ್ನು ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಲೇಬಾರದು. ಗೇರ್ ಆಯಿಲ್ ಬಸಿದು, ಡ್ರೈವ್ ಶಾಫ್ಟ್‌ಗಳನ್ನು ಕಳಚಿ, ಎಂಜಿನ್‌ಗೆ ಆಧಾರ ಕೊಟ್ಟ ನಂತರವೇ ಗೇರ್‌ಬಾಕ್ಸ್ ಇಳಿಸಬೇಕು. ಹಳೆಯ ಪ್ಲೇಟಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಅದನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಒರೆಸುವ ಮೊದಲು ಎಣ್ಣೆಯ ಕಲೆ ಎಲ್ಲಿದೆಯೆಂದು ನೋಡಿಕೊಳ್ಳುವುದು ಅತ್ಯಂತ ಮುಖ್ಯ, ಏಕೆಂದರೆ ಒರೆಸಿದ ಮೇಲೆ ಆ ಸುಳಿವು ಮರಳಿ ಸಿಗದು. ಕ್ಲಚ್ ಕೂರುವ ಭಾರದ ಚಕ್ರವಾದ ಫ್ಲೈವೀಲಿನ ಹಿಂಬದಿಯಲ್ಲಿ, ಅಂದರೆ ಎಂಜಿನ್ ಕಡೆಗೆ, ಎಣ್ಣೆ ಇದ್ದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್ ಸೋರುತ್ತಿರುವ ಸಂಭವ ಹೆಚ್ಚು. ಇನ್‌ಪುಟ್ ಶಾಫ್ಟಿನ ಸುತ್ತ ಗಂಧಕದ ವಾಸನೆಯ ಎಣ್ಣೆ ಇದ್ದರೆ ಅದು ಗೇರ್ ಆಯಿಲ್. ಹಿಂದಿನ ಸೀಲನ್ನು ಬದಲಿಸುವುದಷ್ಟೇ ಸಾಲದು: ಎಂಜಿನ್ನಿನ ಉಸಿರು ಹೊರಹೋಗುವ ಬ್ರೀದರ್ ಕೊಳವೆ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡವೇ ಹೊಸ ಸೀಲನ್ನೂ ಸೋರುವಂತೆ ಮಾಡುತ್ತದೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಹೆಚ್ಚಿನವರು ಮರೆಯುವುದು ರಿಲೀಸ್ ಬೇರಿಂಗನ್ನು ತಳ್ಳುವ ರಿಲೀಸ್ ಫೋರ್ಕಿನ ಶಾಫ್ಟ್ ತಿರುಗುವ ಬುಷ್‌ಗಳನ್ನು. ಅವು ಸವೆದರೆ ಬೇರಿಂಗ್ ಓರೆಯಾಗಿ ಒತ್ತಿ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿಹಿಡಿಯುವ ಪ್ರೆಷರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು ಒಂದೇ ಕಡೆ ಸವೆಯುತ್ತವೆ. ಇನ್‌ಪುಟ್ ಶಾಫ್ಟನ್ನು ಕೈಯಿಂದ ಅಲುಗಾಡಿಸಿ, ಸಡಿಲವಾಗಿದೆಯೇ ನೋಡಿ. ಅದರ ಹಲ್ಲುಗಳಲ್ಲಿ ಮೆಟ್ಟಿಲಿನಂಥ ಸವೆತವಿದ್ದರೆ ಹೊಸ ಪ್ಲೇಟೂ ಸರಾಗವಾಗಿ ಜಾರದೆ ಗೇರ್ ಬೀಳುವಾಗ ಕರಕರ ಎನ್ನುತ್ತದೆ. ಫ್ಲೈವೀಲಿನ ನೀಲಿ ಕಲೆ ಅತಿಯಾದ ಬಿಸಿಯ ಗುರುತು. ಅದರ ಜೊತೆ ಸೂಕ್ಷ್ಮ ಬಿರುಕುಗಳೂ ಇದ್ದರೆ ಲೇತಿಗೆ ಕೊಡಬೇಕೋ, ಬದಲಿಸಬೇಕೋ ಎಂಬುದನ್ನು ಬಿರುಕಿನ ಆಳ ನೋಡಿಯೇ ನಿರ್ಧರಿಸಬೇಕು.

ಜೋಡಿಸುವಾಗ ಶಾಫ್ಟಿನ ಹಲ್ಲುಗಳಿಗೆ ತೆಳುವಾಗಿ ಮಾತ್ರ ಗ್ರೀಸ್ ಸವರಿ, ಪ್ಲೇಟನ್ನು ನಡುವಿಗೆ ಸರಿಪಡಿಸಿ, ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಗೇರ್‌ಬಾಕ್ಸಿನ ಭಾರ ಒಂದು ಕ್ಷಣವೂ ಪ್ಲೇಟಿನ ಮೇಲೆ ನೇತಾಡಬಾರದು. ಕೊನೆಗೆ ಹೊಸ ಗೇರ್ ಆಯಿಲ್ ತುಂಬಿ, ಕೇಬಲ್ ಹೊಂದಿಸಿ, ಒಂದು ವಾರ ಓಡಿಸಿದ ಮೇಲೆ ಕ್ಲಚ್ಚನ್ನು ಸುತ್ತುವರಿದ ಬೆಲ್ ಹೌಸಿಂಗಿನ ತಳದಲ್ಲಿ ಎಣ್ಣೆಯ ಹನಿ ಕಟ್ಟಿದೆಯೇ ಎಂದು ಮತ್ತೊಮ್ಮೆ ಕೈಯಾಡಿಸಿ ನೋಡಿ.