ಸಿಕ್ಕಿಕೊಂಡ ಮುಳ್ಳು

ನಾನು ಕೊಂಡ ಮೊದಲ ಪ್ರಯೋಗಾತ್ಮಕ ಸಂಗೀತದ ರೆಕಾರ್ಡನ್ನು ಒಂದೇ ವಾರದಲ್ಲಿ ವಾಪಸ್ ಕಳಿಸಿದೆ. ಬಿ ಬದಿಯ ಕೊನೆಯಲ್ಲಿ ಮುಳ್ಳು ಸಿಕ್ಕಿಕೊಂಡು ಅದೇ ತುಣುಕು ಮತ್ತೆ ಮತ್ತೆ ಬರುತ್ತಿತ್ತು. ಒಂದು ಲೋಹದ ಸದ್ದು, ಅದರ ಹಿಂದೆಯೇ ಯಾರೋ ಉಸಿರೆಳೆದುಕೊಂಡ ಹಾಗೆ ಇನ್ನೊಂದು. ಹತ್ತು ನಿಮಿಷ ಕಾದೆ. ಮುಂದೆ ಹೋಗಲೇ ಇಲ್ಲ. ಕೊನೆಗೆ ನಾನೇ ಮುಳ್ಳು ಎತ್ತಿದೆ. ‘ರೆಕಾರ್ಡ್ ಕೆಟ್ಟಿದೆ’ ಅಂತ ಮಾರಿದವರಿಗೆ ಬರೆದೆ. ಅವರು ವಾದ ಮಾಡದೆ ದುಡ್ಡು ಹಿಂದಿರುಗಿಸಿದರು. ಜೊತೆಗೆ ಒಂದೇ ಸಾಲು: ‘ಸರ್, ಅದು ಕೆಟ್ಟಿಲ್ಲ, ಅದನ್ನ ಮಾಡಿರೋದೇ ಹಾಗೆ.’

ಆ ಸಾಲು ನನಗೆ ಅರ್ಥವಾಗುವ ಹೊತ್ತಿಗೆ ರೆಕಾರ್ಡ್ ಇನ್ಯಾರದೋ ಮನೆ ಸೇರಿತ್ತು.

ನಾನು ಕೇಳಿದ್ದು ಲಾಕ್ಡ್ ಗ್ರೂವ್, ಅಂದರೆ ಮುಚ್ಚಿದ ಗೆರೆ. ರೆಕಾರ್ಡಿನ ಗೆರೆ ಹೊರಗಿನಿಂದ ಒಳಕ್ಕೆ ಒಂದೇ ಸುರುಳಿಯಾಗಿ ಸಾಗುತ್ತದೆ, ಅಲ್ವಾ? ಮುಚ್ಚಿದ ಗೆರೆ ಹಾಗಲ್ಲ, ಬಳೆಯ ಹಾಗೆ ಸುತ್ತಿ ಬಂದು ಕೂಡಿಕೊಂಡುಬಿಡುತ್ತದೆ. ಒಳಗೆ ಹೋದ ಮುಳ್ಳಿಗೆ ಹೊರಗೆ ಬರಲು ದಾರಿ ಇಲ್ಲ. ನಿಜ ಹೇಳಬೇಕೆಂದರೆ ಯಾವ ಎಲ್‌ಪಿ ತೆಗೆದುಕೊಂಡರೂ ಕೊನೆಯಲ್ಲಿ ಇಂಥ ಒಂದು ಉಂಗುರ ಇದ್ದೇ ಇರುತ್ತದೆ, ಮುಳ್ಳು ಲೇಬಲ್ ಮೇಲೆ ಹತ್ತದಿರಲಿ ಅಂತ. ಅದರಲ್ಲಿ ಸದ್ದು ಇರುವುದಿಲ್ಲ, ಅಷ್ಟೆ. ಅದಕ್ಕೆ ಸದ್ದು ತುಂಬಿದವರು ಪ್ರಯೋಗ ಮಾಡುವ ಕಲಾವಿದರು. ಪ್ಯಾರಿಸ್ ರೇಡಿಯೋದಲ್ಲಿದ್ದ ಪಿಯೆರ್ ಶೆಫೆರ್ 1948ರಲ್ಲಿ ರೈಲಿನ ಸದ್ದುಗಳಿಂದ ಸಂಗೀತ ಕಟ್ಟಿದಾಗ ಅವರ ಕೈಯಲ್ಲಿದ್ದದ್ದು ಟೇಪ್ ಅಲ್ಲ, ಡಿಸ್ಕುಗಳು. ಒಂದು ತುಣುಕನ್ನು ಸುತ್ತಿ ಸುತ್ತಿ ಕೇಳಲು ಮುಚ್ಚಿದ ಗೆರೆಯೇ ಅವರ ಉಪಕರಣ. 1975ರಲ್ಲಿ ಅಮೆರಿಕದ ರಾಕ್ ಗಾಯಕ ಲೂ ರೀಡ್ ಬರೀ ಗಿಟಾರ್ ಫೀಡ್‌ಬ್ಯಾಕಿನ, ಅಂದರೆ ಸ್ಪೀಕರಿನ ಸದ್ದು ಗಿಟಾರಿಗೇ ಮರಳಿ ಏಳುವ ಕೂಗಿನ, ಜೋಡಿ ಎಲ್‌ಪಿ ತಂದರು. ಅದರ ನಾಲ್ಕನೇ ಬದಿ ಇಂಥ ಉಂಗುರದಲ್ಲೇ ಕೊನೆಯಾಗುತ್ತದೆ. ನೀವು ಎದ್ದು ನಿಲ್ಲಿಸುವವರೆಗೂ ಅದು ನಿಲ್ಲುವುದಿಲ್ಲ. 1998ರಲ್ಲಿ ಬಂದ ಆರ್‌ಆರ್‌ಆರ್-500 ಅನ್ನೋ ರೆಕಾರ್ಡಿನಲ್ಲಂತೂ 500 ಮುಚ್ಚಿದ ಗೆರೆಗಳಿವೆ.

ಇಷ್ಟು ತಿಳಿದ ಮೇಲೆ ನಾನು ಉಲ್ಟಾ ತಪ್ಪು ಮಾಡಿದೆ. ಕರಕರ ಅನ್ನೋದೆಲ್ಲ ಕಲೆ ಅಂದುಕೊಂಡೆ. ಗದ್ದಲದ ಸಂಗೀತದ ಒಂದು ಹಳೆಯ ಎಲ್‌ಪಿ ಸಿಕ್ಕಿತು. ಜೋರಾದ ಕಡೆಯಲ್ಲೆಲ್ಲ ಸದ್ದು ಒಡೆದು ಬರುತ್ತಿತ್ತು, ನಡುನಡುವೆ ಟಿಕ್ ಟಿಕ್. ಆಹಾ, ಎಂಥ ಧೈರ್ಯದ ಕೆಲಸ ಅಂತ ಎಲ್ಲರಿಗೂ ಕೇಳಿಸಿದೆ. ನನಗಿಂತ ಮೂವತ್ತು ವರ್ಷ ಮೊದಲೇ ಈ ಹುಚ್ಚು ಹಿಡಿಸಿಕೊಂಡವರೊಬ್ಬರು ಬಂದಿದ್ದರು. ಎರಡು ನಿಮಿಷ ಕೇಳಿ ಕೈಗಡಿಯಾರ ನೋಡಿದರು. ‘ಆ ಟಿಕ್ ಎಣಿಸಪ್ಪಾ. ಒಂದೇ ಅಂತರದಲ್ಲಿ ಬರ್ತಿಲ್ವಾ? ಇದು ಗೀರು. ಒಡೆಯೋ ಸದ್ದು ಸವೆತ. ಇದನ್ನ ಯಾರೋ ಕೆಟ್ಟ ಮುಳ್ಳಲ್ಲಿ ಉಜ್ಜಿ ಉಜ್ಜಿ ಕೇಳಿದ್ದಾರೆ.’

ಅವತ್ತು ಕಲಿತದ್ದನ್ನು ಈಗಲೂ ಪ್ರತಿ ರೆಕಾರ್ಡಿನ ಮೇಲೆ ಬಳಸುತ್ತೇನೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ರೆಕಾರ್ಡ್ ಒಂದು ಸುತ್ತು ಹಾಕಲು 1.8 ಸೆಕೆಂಡ್ ಬೇಕು. ಅಡ್ಡ ಗೀರು ಬಿದ್ದಿದ್ದರೆ ಸುತ್ತಿಗೊಂದು ಸಲ ಮುಳ್ಳು ಅದನ್ನು ದಾಟಲೇಬೇಕು. ಹಾಗಾಗಿ ಟಿಕ್ 1.8 ಸೆಕೆಂಡಿಗೊಮ್ಮೆ ಬರುತ್ತದೆ. ಧೂಳಿನ ಸದ್ದಿಗೆ ಲೆಕ್ಕವಿಲ್ಲ, ಎಲ್ಲೆಂದರಲ್ಲಿ ಬರುತ್ತದೆ, ತೊಳೆದರೆ ಕಡಿಮೆಯಾಗುತ್ತದೆ. ಸವೆತ ತೊಳೆದರೆ ಹೋಗುವುದಿಲ್ಲ. ಒಳಗಿನ ಗೆರೆಗಳಲ್ಲಿ, ಜೋರಾದ ಜಾಗಗಳಲ್ಲಿ ಅದು ಜಾಸ್ತಿ ಕಾಣಿಸಿಕೊಳ್ಳುತ್ತದೆ.

ತೊಡಕು ಏನೆಂದರೆ, ಮುಚ್ಚಿದ ಗೆರೆ ಕೂಡ 1.8 ಸೆಕೆಂಡಿಗೊಮ್ಮೆಯೇ ಮರುಕಳಿಸೋದು. ಗೀರಿನಲ್ಲಿ ಸಿಕ್ಕಿ ಹಿಂದಕ್ಕೆ ಹಾರುವ ಮುಳ್ಳೂ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಕಿವಿಯೊಂದನ್ನೇ ನಂಬಿದರೆ ಸಾಲದು. ದೀಪದ ಕೆಳಗೆ ರೆಕಾರ್ಡನ್ನು ಓರೆ ಮಾಡಿ ಹಿಡಿಯಿರಿ. ಬೇಕೆಂದೇ ಮಾಡಿದ ಉಂಗುರ ಉಳಿದ ಗೆರೆಗಳಿಂದ ಕೂದಲೆಳೆಯಷ್ಟು ದೂರ ನಿಂತು, ಪೂರ್ತಿ ದುಂಡಾಗಿ ಹೊಳೆಯುತ್ತದೆ. ಗೀರಾದರೆ ಗೆರೆಗಳನ್ನು ಕತ್ತರಿಸಿಕೊಂಡು ಅಡ್ಡಡ್ಡ ಹೋಗಿರುತ್ತದೆ. ಅದರ ಮೇಲೆ ಉಗುರು ಹಗುರವಾಗಿ ಆಡಿಸಿದಾಗ ತಡೆದರೆ ಆಸೆ ಬಿಡಿ. ಹೀಗೂ ಗೊತ್ತಾಗದಿದ್ದರೆ ಅದೇ ರೆಕಾರ್ಡ್ ಇಟ್ಟುಕೊಂಡ ಇನ್ನೊಬ್ಬರನ್ನು ಕೇಳುತ್ತೇನೆ. ಅವರ ಪ್ರತಿಯಲ್ಲೂ ಅದೇ ಜಾಗದಲ್ಲಿ ಅದೇ ಸದ್ದಿದ್ದರೆ ಅದು ಅಚ್ಚಿನಲ್ಲೇ ಇದೆ ಅಂತ.

ಇದನ್ನು ಇಷ್ಟು ಎಳೆದು ಹೇಳಲು ಕಾರಣವಿದೆ. ಬೇರೆ ರೆಕಾರ್ಡ್ ಕೂಡಿಡುವವರಿಗೆ ಒಳ್ಳೆ ಪ್ರತಿ ಯಾವುದು ಅನ್ನೋದು ಸುಲಭ: ಸ್ವಚ್ಛವಾಗಿ ಕೇಳಿಸಿದರೆ ಆಯಿತು. ನಮ್ಮ ದಾರಿಯಲ್ಲಿ ಹಾಗಾಗುವುದಿಲ್ಲ. ಕ್ರಿಶ್ಚಿಯನ್ ಮಾರ್ಕ್ಲೇ ಅನ್ನೋ ಕಲಾವಿದ 1985ರಲ್ಲಿ ಕವರೇ ಇಲ್ಲದ ಒಂದು ರೆಕಾರ್ಡ್ ತಂದರು. ಅದನ್ನು ರಕ್ಷಣೆಯ ಹೊದಿಕೆಯಲ್ಲಿ ಇಡಬೇಡಿ ಅನ್ನೋ ಸೂಚನೆ ರೆಕಾರ್ಡಿನ ಮೇಲೆಯೇ ಇದೆ. ಅದರ ಮೇಲೆ ಬೀಳುವ ಧೂಳು, ಗೀರು ಎಲ್ಲ ಕೃತಿಯ ಪಾಲು. ಅದನ್ನು ಹೊಳೆಯುವ ಹಾಗೆ ಕಾಪಾಡಿದವರು ಕಲಾವಿದನ ಮಾತು ಮೀರಿದ ಹಾಗೆ! 1967ರಲ್ಲಿ ಬಂದ, ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನೋ ರಾಕ್ ಬ್ಯಾಂಡಿನ ಎಲ್‌ಪಿ ಕವರಿನ ಬಾಳೆಹಣ್ಣಿನದೂ ಇದೇ ಕಥೆ. ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಮಾಡಿದ ಆ ಕವರಿನ ಮೊದಲ ಪ್ರತಿಗಳಲ್ಲಿ ಸಿಪ್ಪೆ ಒಂದು ಸ್ಟಿಕ್ಕರ್. ನಿಧಾನಕ್ಕೆ ಸುಲಿದು ನೋಡಿ ಅಂತ ಪಕ್ಕದಲ್ಲೇ ಬರೆದಿದೆ. ಸಂಗ್ರಾಹಕರು ಹುಡುಕೋದು ಮಾತ್ರ ಸುಲಿಯದ ಪ್ರತಿಯನ್ನು.

ಕಲಾವಿದರೇ ಕೃತಿಯಾಗಿ ಮಾಡುವ ಪುಸ್ತಕಗಳ ಕಡೆ ನಾನು ಬಂದದ್ದೂ ರೆಕಾರ್ಡಿನ ಬಾಗಿಲಿನಿಂದಲೇ. 1960ರ ದಶಕದಲ್ಲಿ ಎಷ್ಟೋ ಕಲಾವಿದರಿಗೆ ಪುಸ್ತಕ, ರೆಕಾರ್ಡ್ ಬೇರೆ ಬೇರೆ ಆಗಿರಲಿಲ್ಲ. 1965ರಿಂದ 1971ರವರೆಗೆ ಬಂದ ಆಸ್ಪೆನ್ ಪತ್ರಿಕೆ ಒಂದು ಪೆಟ್ಟಿಗೆಯಲ್ಲಿ ಬರುತ್ತಿತ್ತು. ಬಿಡಿ ಹಾಳೆ, ಪುಸ್ತಿಕೆ, ಜೊತೆಗೆ ಕಾಗದದಷ್ಟು ತೆಳುವಾದ ಫ್ಲೆಕ್ಸಿ ಡಿಸ್ಕ್. ವಾರ್ಹಾಲ್ 1967ರಲ್ಲಿ ತಂದ ಪುಸ್ತಕದಲ್ಲೂ ಒಂದು ಫ್ಲೆಕ್ಸಿ ಇತ್ತು, ಒಂದು ಬಲೂನೂ ಇತ್ತು. ರಬ್ಬರು ವರ್ಷಗಳಾದ ಮೇಲೆ ಕರಗಿ ಅಂಟಾಗುತ್ತದೆ. ಆ ಪುಸ್ತಕದ ಎಷ್ಟೋ ಪ್ರತಿಗಳಲ್ಲಿ ಬಲೂನು ತಾನಿದ್ದ ಪುಟಗಳನ್ನೇ ಒಂದಕ್ಕೊಂದು ಅಂಟಿಸಿಬಿಟ್ಟಿದೆ.

ಇಂಥವು ಕೊಳ್ಳುವಾಗ ಮೊದಲು ನೋಡಬೇಕಾದ್ದು ಮುಖಪುಟ ಅಲ್ಲ, ಒಳಗೆ ಏನೇನು ಇರಬೇಕಿತ್ತು ಅನ್ನೋದು. ಈ ಪಾಠ ನನಗೆ ಸುಮ್ನೆ ಬರಲಿಲ್ಲ. ಹಿಂದಿನ ರಟ್ಟಿನಲ್ಲಿ ಜೇಬಿರುವ ಒಂದು ಪುಸ್ತಕ ತರಿಸಿದೆ. ‘ಪೂರ್ಣ ಪ್ರತಿ’ ಅಂದಿದ್ದರು. ಪುಟಗಳೆಲ್ಲ ಇದ್ದವು. ಜೇಬು ಖಾಲಿ. ಏಳು ಇಂಚಿನ ಡಿಸ್ಕ್ ಎಷ್ಟೋ ವರ್ಷ ಅಲ್ಲಿ ಕೂತಿದ್ದಕ್ಕೆ ಕಾಗದದ ಮೇಲೆ ದುಂಡನೆ ಗುರುತು ಮಾತ್ರ ಉಳಿದಿತ್ತು. ಮಾರಿದವರ ಪ್ರಕಾರ ಪುಟ ಪೂರ್ತಿ ಇದ್ದರೆ ಪುಸ್ತಕ ಪೂರ್ತಿ! ಈಗ ದುಡ್ಡು ಕೊಡುವ ಮೊದಲು ನಾನೇ ಪಟ್ಟಿ ಕೊಟ್ಟು ಕೇಳುತ್ತೇನೆ: ಪೋಸ್ಟರ್ ಇದೆಯಾ, ಹಾಳೆ ಎಷ್ಟು, ಡಿಸ್ಕ್ ಇದೆಯಾ, ಜೇಬಿನ ಫೋಟೋ ಕಳಿಸಿ. ಇದರಿಂದ ಕೆಲವರಿಗೆ ಸಿಟ್ಟು ಬಂದದ್ದೂ ಉಂಟು. ಬರಲಿ.

ಫ್ಲೆಕ್ಸಿ ಸಿಕ್ಕರೆ ಪುಸ್ತಕದಿಂದ ಕಿತ್ತುಬಿಡಬೇಡಿ. ಬಿಡಿಯಾಗಿಯೇ ಬಂದಿದ್ದರೆ ಕೆಳಗೆ ಒಂದು ಸಾಧಾರಣ ಎಲ್‌ಪಿ ಹಾಕಿ, ಅದರ ಮೇಲೆ ಇಟ್ಟು ನುಡಿಸಿ. ಜಾರಿದರೆ ಲೇಬಲ್ ಇರುವ ಜಾಗದಲ್ಲಿ ಒಂದು ನಾಣ್ಯ ಇಟ್ಟರೆ ಸಾಕು. ನಾನು ಒಂದೇ ಸಲ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡು, ಎತ್ತಿಟ್ಟುಬಿಡುತ್ತೇನೆ. ಒಂದೊಂದನ್ನೇ ಯಂತ್ರದಲ್ಲಿ ಕೊರೆದು ಮಾಡುವ ಲೇತ್-ಕಟ್ ಡಿಸ್ಕುಗಳಿಗೂ ಇದೇ ನಿಯಮ. ಅವು ಅಚ್ಚಿನ ರೆಕಾರ್ಡಿಗಿಂತ ಬೇಗ ಸವೆಯುತ್ತವೆ.

ಅಪರೂಪ ಅನ್ನೋ ಮಾತಿನ ಬಗ್ಗೆ ನನಗೆ ಮೊದಲಿದ್ದ ಭಕ್ತಿ ಈಗಿಲ್ಲ. ಅಮೆರಿಕದ ಕಲಾವಿದ ಎಡ್ ರುಷೆ 1963ರಲ್ಲಿ ಇಪ್ಪತ್ತಾರು ಪೆಟ್ರೋಲ್ ಬಂಕುಗಳ ಫೋಟೋ ಹಾಕಿ ಒಂದು ಸಣ್ಣ ಪುಸ್ತಕ ಮಾಡಿದರು. ಮೊದಲ ಮುದ್ರಣ 400 ಪ್ರತಿ, ಒಂದೊಂದಕ್ಕೂ ಸಂಖ್ಯೆ ಹಾಕಿದ್ದರು. ಸಂಖ್ಯೆ ಹಾಕಿದ್ದೇ ತಪ್ಪಾಯಿತು ಅಂತ ಮುಂದೆ ಅವರೇ ಹೇಳಿದರು. ಅವರಿಗೆ ಬೇಕಿದ್ದದ್ದು ಅಗ್ಗದ, ಎಲ್ಲರ ಕೈಗೂ ಸಿಗುವ ಪುಸ್ತಕ. 1969ರ ಮೂರನೇ ಮುದ್ರಣ 3000 ಪ್ರತಿ, ಸಂಖ್ಯೆ ಇಲ್ಲ. ನನ್ನನ್ನು ಕೇಳಿದರೆ ಆ ಮೂರನೇ ಮುದ್ರಣವೇ ಕಲಾವಿದನ ಮನಸ್ಸಿಗೆ ಹೆಚ್ಚು ಹತ್ತಿರ. ಮೊದಲ ಮುದ್ರಣ ಬೇಕು ಅನ್ನುವವರನ್ನು ನಾನು ಆಡಿಕೊಳ್ಳಲ್ಲ, ನನಗೂ ಆ ಆಸೆ ಇತ್ತು. ಆದರೆ ಸಂಖ್ಯೆ ನೋಡಿ ಕೊಂಡ ಎಷ್ಟೋ ವಸ್ತುಗಳನ್ನು ನಾನು ಎರಡನೇ ಸಲ ಬಿಚ್ಚಿ ನೋಡಿಲ್ಲ.

ಹಾಗಂತ ಮುದ್ರಣ ಗುರುತಿಸಲು ಬಾರದೆ ಇರಬಾರದು. ರೆಕಾರ್ಡಿನಲ್ಲಿ ಕೊನೆಯ ಗೆರೆಗೂ ಲೇಬಲಿಗೂ ನಡುವೆ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಕೊರೆದ ಅಕ್ಷರ, ಅಂಕಿಗಳನ್ನು ಓದಿ. ಕವರನ್ನು ಹಾಗೇ ನಕಲು ಮಾಡಿ ಮರುಮುದ್ರಣ ತರಬಹುದು. ಹೊಸ ಅಚ್ಚಿಗೆ ಮಾತ್ರ ಈ ಜಾಗದ ಬರಹ ಸಾಮಾನ್ಯವಾಗಿ ಬೇರೆ ಆಗಿರುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಪುಸ್ತಕದಲ್ಲಾದರೆ ಮುದ್ರಣದ ವಿವರ ಇರುವ ಪುಟ. ಕಲಾವಿದರ ಪುಸ್ತಕಗಳಲ್ಲಿ ಇದು ಬಹಳ ಸಲ ಕೊನೆಯಲ್ಲಿರುತ್ತದೆ.

ಇನ್ನು ಇಡುವ ವಿಷಯ. ಇಲ್ಲಿ ನಾನು ಕಳೆದುಕೊಂಡದ್ದು ಜಾಸ್ತಿ. ಶುರುವಿನಲ್ಲಿ ದಪ್ಪ, ಮಿರಿಮಿರಿ ಮಿಂಚುವ ಪಿವಿಸಿ ಪ್ಲಾಸ್ಟಿಕ್ಕಿನ ಹೊರಕವರುಗಳನ್ನು ತಂದು ಎಲ್ಲಕ್ಕೂ ಹಾಕಿದ್ದೆ. ಎಷ್ಟು ಅಂದವಾಗಿ ಕಾಣುತ್ತಿತ್ತು ಅಂದರೆ! ನಾಲ್ಕು ವರ್ಷದ ನಂತರ ಒಂದು ರೆಕಾರ್ಡ್ ಹೊರತೆಗೆದರೆ ಅದರ ಮೈ ಮೇಲೆ ಮಜ್ಜಿಗೆ ಚೆಲ್ಲಿ ಒಣಗಿದ ಹಾಗೆ ಬಿಳಿ ಮಂಜು. ತೊಳೆದೆ, ಹೋಗಲಿಲ್ಲ. ಪಿವಿಸಿಯನ್ನು ಮೆದು ಮಾಡಲು ಬೆರೆಸುವ ರಾಸಾಯನಿಕ ಹೊರಗೆ ಬಂದು ರೆಕಾರ್ಡಿನ ವಿನೈಲನ್ನೇ ಹಿಡಿದಿತ್ತು. ನುಡಿಸಿದರೆ ಆ ಜಾಗದಲ್ಲೆಲ್ಲ ಸುಯ್ ಅನ್ನೋ ಸದ್ದು. ಅಂಥವು ಹನ್ನೊಂದು ಸಿಕ್ಕವು. ಈಗ ಒಳಗೆ ಪಾಲಿಥೀನ್, ಹೊರಗೆ ಪಾಲಿಪ್ರೊಪಿಲೀನ್. ರೆಕಾರ್ಡುಗಳನ್ನು ಯಾವತ್ತೂ ನೆಟ್ಟಗೆ ನಿಲ್ಲಿಸುತ್ತೇನೆ. ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ. ಕಪಾಟು ಗಟ್ಟಿ ಇರಲಿ, ಒಂದಡಿ ಸಾಲಿಗೇ ಹದಿನೈದು ಕೆಜಿ ಮೇಲೆ ಭಾರ ಬರುತ್ತದೆ. ತೊಳೆಯಲು ಡಿಸ್ಟಿಲ್ಡ್ ನೀರು ಸಾಕು, ಲೇಬಲ್ ಒದ್ದೆಯಾಗಬಾರದು. ಹಳೆಯ 78 ವೇಗದ ಅರಗಿನ ತಟ್ಟೆಗಳಿಗೆ ಆಲ್ಕೋಹಾಲ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ.

ಪುಸ್ತಕಗಳಿಗೆ ಕೈಗವಸು ಬೇಡ. ತೊಳೆದು ಒಣಗಿಸಿದ ಕೈಯೇ ವಾಸಿ. ಗವಸಿನಲ್ಲಿ ಬೆರಳಿಗೆ ಹಾಳೆಯ ಅಂದಾಜು ಸಿಗದೆ ಅಂಚು ಹರಿಯುತ್ತದೆ. ರಿಸೋ ಅನ್ನೋ ನಕಲು ಯಂತ್ರದಲ್ಲಿ ಅಚ್ಚಾದ ಪುಸ್ತಕಗಳನ್ನು ಮಾತ್ರ ಹುಷಾರಾಗಿ ಮುಟ್ಟಿ. ಅದರ ಶಾಯಿ ಪೂರ್ತಿ ಒಣಗುವುದಿಲ್ಲ, ವರ್ಷ ಕಳೆದ ಮೇಲೂ ಹೆಬ್ಬೆರಳಿಗೆ ಹತ್ತುತ್ತದೆ. ನಾನು ನಡುವೆ ಆಮ್ಲವಿಲ್ಲದ ತೆಳು ಕಾಗದ ಹಾಕುತ್ತೇನೆ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚುವವರ ಜೊತೆ ನನಗೆ ಮಾತಿಲ್ಲ.

ಉಪ್ಪುಕಾಗದದ ಕಥೆ ಹೇಳದೆ ಇದು ಮುಗಿಯಲ್ಲ. ಫ್ರಾನ್ಸಿನ ಲೇಖಕ ಗೀ ದೆಬೋರ್ ಮತ್ತು ಡೆನ್ಮಾರ್ಕಿನ ಚಿತ್ರಕಾರ ಆಸ್ಗರ್ ಯೋರ್ನ್ 1959ರಲ್ಲಿ ಹೊರತಂದ ಪುಸ್ತಕಕ್ಕೆ ಬಡಗಿಗಳು ಮರ ಉಜ್ಜುವ ಉಪ್ಪುಕಾಗದದ ರಟ್ಟು. ಪಕ್ಕದ ಪುಸ್ತಕಗಳನ್ನು ಕೆರೆದು ಹಾಕಲಿ ಅಂತಲೇ. ಅದನ್ನೇ ನೆನೆದು 1980ರಲ್ಲಿ ಇಂಗ್ಲೆಂಡಿನ ಫ್ಯಾಕ್ಟರಿ ರೆಕಾರ್ಡ್ಸ್ ಕಂಪನಿ ಡುರುಟ್ಟಿ ಕಾಲಮ್ ಬ್ಯಾಂಡಿನ ಮೊದಲ ಎಲ್‌ಪಿಗೆ ಉಪ್ಪುಕಾಗದದ ಕವರ್ ಹಾಕಿತು. ಇವೆರಡೂ ನನ್ನಲ್ಲಿಲ್ಲ. ಅದೇ ಜಾತಿಯ ಒಂದು ಸಣ್ಣ ಪುಸ್ತಕ ಇದೆ, ಹೊರಗೆಲ್ಲ ಉಪ್ಪುಕಾಗದ. ಬುದ್ಧಿವಂತನ ಹಾಗೆ ಅದಕ್ಕೊಂದು ರಟ್ಟಿನ ಡಬ್ಬಿ ಮಾಡಿಸಿ ಬೇರೆ ಇಟ್ಟೆ. ಒಂದು ದಿನ ತೆಗೆದಾಗ ಡಬ್ಬಿಯ ಒಳಗೋಡೆ ಪೂರ್ತಿ ಸವೆದು, ತಳದಲ್ಲಿ ರಟ್ಟಿನ ಪುಡಿ ಕೂತಿತ್ತು. ಕೆರೆಯಲು ಏನೂ ಸಿಗದೆ ಡಬ್ಬಿಯನ್ನೇ ಕೆರೆದಿದೆ! ಆ ಪುಡಿಯನ್ನು ನಾನು ಚೆಲ್ಲಿಲ್ಲ.

ಎಲ್ಲದಕ್ಕೂ ಒಂದು ನೋಟ್‌ಬುಕ್ ಇದೆ. ಎಲ್ಲಿ, ಯಾವಾಗ ಸಿಕ್ಕಿತು, ಗೆರೆಯಾಚೆ ಕೊರೆದ ಅಕ್ಷರಗಳು ಏನು, ಒಳಗೆ ಏನೇನಿದೆ, ಯಾವ ಸದ್ದು ಕೃತಿಯದು, ಯಾವುದು ಗೀರಿನದು. ಹಿಂದೆ ಕಳಿಸಿದ ಆ ಮೊದಲ ರೆಕಾರ್ಡಿನ ಇನ್ನೊಂದು ಪ್ರತಿ ಸಿಗಲು ಒಂಬತ್ತು ವರ್ಷ ಬೇಕಾಯಿತು. ಅದೇ ಲೋಹದ ಸದ್ದು, ಅದೇ ಉಸಿರು. ಈ ಪ್ರತಿಯಲ್ಲಿ ಮಾತ್ರ ಉಂಗುರಕ್ಕೆ ಅಡ್ಡವಾಗಿ ಸಣ್ಣ ಗೀರು ಬಿದ್ದಿದೆ. ಸುತ್ತಿಗೊಂದು ಟಿಕ್, ಸರಿಯಾಗಿ ಉಸಿರು ಮುಗಿಯುವ ಜಾಗದಲ್ಲಿ. ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೇನೆ: ‘ಬಿ ಬದಿ, ಕೊನೆ ಉಂಗುರ. ಟಿಕ್ ಇದೆ. ಗೀರಿನದು. ವಾಪಸ್ ಕಳಿಸಿಲ್ಲ.’